ಎಪ್ಪತ್ತೆರಡು ಕಿಲೋ ಬೆಲ್ಲ

ಮದ್ದೂರಿನ ವೇಬ್ರಿಡ್ಜಿನಲ್ಲಿ ಲಾರಿ ತೂಗುವ ಚೌಡಯ್ಯನ ಹೆಸರೆತ್ತಿದರೆ ಸಾಕು, ಮಂಡ್ಯದ ವೆಂಕಟೇಶಮೂರ್ತಿಗೆ ಮೈ ಉರಿಯುತ್ತಿತ್ತು. ಹಿಂದಿನ ಸಲ ಮೂರ್ತಿ ಕಾಫಿ ಕುಡಿದು ಬರುವಷ್ಟರಲ್ಲಿ ಆ ಪುಣ್ಯಾತ್ಮ ತೂಕ ಕಮ್ಮಿ ಎಂದು ಅವನ ಬೆಲ್ಲದ ಲಾರಿಯನ್ನು ವಾಪಸ್ಸು ಅಟ್ಟಿದ್ದ. ಅಂದು ಮೂರ್ತಿ ಎಗರಾಡಿದ್ದೇ ಎಗರಾಡಿದ್ದು. ಇನ್ನು ಮೇಲೆ ತಾನೇ ಎದುರಿಗೆ ನಿಂತು ಒಪ್ಪಿಗೆ ಅನ್ನದೆ ತನ್ನ ಮಾಲು ಅಲ್ಲಿಂದ ಕದಲಕೂಡದೆಂದು ನಾಲ್ಕು ಜನರ ಮುಂದೆ ಕೂಗಿ ಬಂದಿದ್ದ.

ಈಗ ಎಪ್ಪತ್ತೇಳರ ಬೇಸಿಗೆ, ಮಗಳು ಕನಕಲಕ್ಷ್ಮಿಯ ಮದುವೆ. ಹೊರದೇಶಕ್ಕೆ ಹಡಗಿನಲ್ಲಿ ಹೋಗುವ ಬೆಲ್ಲದಲ್ಲೇ ಹೋಳಿಗೆ ಮಾಡಿಸುತ್ತೇನೆಂದು ಮಳವಳ್ಳಿಯ ಬೀಗರ ಮುಂದೆ ಜಂಬ ಕೊಚ್ಚಿಯಾಗಿತ್ತು. ಆ ಬೆಲ್ಲವನ್ನು ರಫ್ತು ಕಂಪನಿಯೊಂದಕ್ಕೆ ಪ್ಯಾಕು ಮಾಡಿಸಿಕೊಡುವವನು ಮೂರ್ತಿಯೇ. ಆದರೆ ಒಂದು ಅಚ್ಚನ್ನೂ ಕಂಪನಿಯವರು ಇಲ್ಲಿ ಮಾರುತ್ತಿರಲಿಲ್ಲ. ಮಾತು ತಪ್ಪಿದರೆ ಬೀಗರು ಜನ್ಮವಿಡೀ ಆಡಿಕೊಳ್ಳುತ್ತಾರೆ.

ಬೆಲ್ಲ ತುಂಬುವ ಕಂಟೇನರು ಅಂದರೆ ಲಾರಿಯುದ್ದದ ಕಬ್ಬಿಣದ ಪೆಟ್ಟಿಗೆ. ಮಂಡ್ಯದಲ್ಲಿ ತುಂಬಿದಾಗಿನ ತೂಕವೇ ಮದ್ದೂರಿನಲ್ಲೂ ಬರಬೇಕು. ಮುಂದೆ ಮದರಾಸಿನಲ್ಲೂ ತೂಗುವವರಿಲ್ಲ, ಬಾಗಿಲು ತೆಗೆದು ನೋಡುತ್ತಾರಷ್ಟೆ. ಕದ್ದ ಬೆಲ್ಲದ ಜಾಗಕ್ಕೆ ಕಲ್ಲಿಟ್ಟರೆ ಮದರಾಸಿನಲ್ಲಿ ಕಲ್ಲು ಸಿಗುತ್ತದೆ. ಮನುಷ್ಯನನ್ನಿಟ್ಟರೆ ಅವನು ಇಳಿದು ಮನೆಗೆ ಹೋಗುತ್ತಾನೆ! ಇಷ್ಟು ಸುಲಭದ ಸಂಗತಿ ಈವರೆಗೆ ಯಾರಿಗೂ ಹೊಳೆದಿಲ್ಲವಲ್ಲ ಎಂದು ಮೂರ್ತಿಗೆ ಜಗತ್ತಿನ ಮೇಲೇ ಕನಿಕರ ಬಂತು.

ಪಂಚೆ ಬನಿಯನ್ನಿನ ಸಮೇತ ಅವನು ಎಪ್ಪತ್ತೆರಡು ಕಿಲೋ ತೂಗುತ್ತಿದ್ದ. ಅಷ್ಟೇ ಬೆಲ್ಲ ಇಳಿಸಿ ಮನೆಗೆ ಸಾಗಿಸಿದ. ಮದ್ದೂರು ದಾಟಿದ ಮೇಲೆ ಬಾಗಿಲು ತೆಗೆಯಲು ಡ್ರೈವರ್ ಮರಿಸಿದ್ದಯ್ಯ ಹೋಳಿಗೆಯ ಆಸೆಗೆ ಒಪ್ಪಿದ್ದ. ಹೊರಡುವ ಬೆಳಿಗ್ಗೆ ಹೆಂಡತಿ ಗೋದಮ್ಮ ಉಪ್ಪಿಟ್ಟು ತಂದಿಟ್ಟರೆ ತಟ್ಟೆ ಅತ್ತ ಸರಿಸಿದ.

"ಬೇಡ ಕಣೇ, ತೂಕ ಕೆಟ್ಟೋಗತ್ತೆ."

ದಾರಿಯಲ್ಲಿ ಕತ್ತಲೆಯ ಪೆಟ್ಟಿಗೆಯೊಳಗೆ ಹಸಿವು ತಡೆಯದೆ ಒಂದು ಅಚ್ಚು ಬೆಲ್ಲ ಮುರಿದು ತಿಂದ. ತಿಂದ ಮೇಲೆ, ಅಯ್ಯೋ, ಮಾಲಿನ ತೂಕ ಇಳಿಯಿತಲ್ಲ ಎಂದು ಗಾಬರಿಯಾಯಿತು. ಮರುಕ್ಷಣವೇ ಸಮಾಧಾನವಾಯಿತು. ಬೆಲ್ಲ ಪೆಟ್ಟಿಗೆಯಲ್ಲಿದ್ದರೇನು, ಹೊಟ್ಟೆಯಲ್ಲಿದ್ದರೇನು, ತೂಕ ಒಂದೇ ತಾನೆ! ತನ್ನ ಬುದ್ಧಿಗೆ ತಾನೇ ಮೆಚ್ಚಿ ಇನ್ನೊಂದು ಅಚ್ಚು ಮುರಿದ.

ಲಾರಿ ವೇಬ್ರಿಡ್ಜು ಹತ್ತಿ ನಿಂತಿತು. ಒಂದು ಕಿಲೋನೂ ಹೆಚ್ಚುಕಮ್ಮಿ ಇಲ್ಲವೆಂದು ಚೌಡಯ್ಯ ಹೇಳಿದ್ದು ಒಳಗೆ ಸ್ಪಷ್ಟವಾಗಿ ಕೇಳಿಸಿತು. ಮೂರ್ತಿ ಬಾಯಿಗೆ ಪಂಚೆ ತುರುಕಿಕೊಂಡು ನಕ್ಕ. ಎಂಜಿನ್ನು ಗುರುಗುಟ್ಟಿತು.

"ತಡಿಯೋ ಮರಿಸಿದ್ದ," ಎಂದ ಚೌಡಯ್ಯ. "ಮೂರ್ತಿಗಳೆಲ್ಲಿ? ತಾವು ಎದ್ರುಗೆ ನಿಂತು ಒಪ್ಗೆ ಅನ್ನಗಂಟ ಮಾಲು ಕದಲಕೂಡದು ಅಂತ ಅವ್ರೇ ಏಳವ್ರೆ ಕಣ್ಲಾ." ಅವರು ಮದುವೆ ಕೆಲಸದಲ್ಲಿದ್ದಾರೆ ಎಂದು ಮರಿಸಿದ್ದಯ್ಯ ತೊದಲಿದ. ಹಾಗಾದರೆ ಬರಲಿ, ಕಾಯೋಣ ಎಂದ ಚೌಡಯ್ಯ ಎಂಜಿನ್ನು ನಿಲ್ಲಿಸಲು ಹೇಳಿ, ನೆರಳಲ್ಲಿ ಕೂತು ವಡೆ ತರಿಸಿದ. ಬಿಸಿಲು ನೆತ್ತಿಗೇರಿತು. ಕಬ್ಬಿಣ ಕಾವಲಿಯಾಯಿತು. ಬೆಲ್ಲ ಕರಗಿ ಪಂಚೆ ಮೈಗೆ ಅಂಟಿಕೊಂಡಿತು. ವಡೆ ಮುಗಿಸಿದ ಚೌಡಯ್ಯ ಬೇಸರಕ್ಕೆ ಮಂಡ್ಯದ ರಸ್ತೆಯತ್ತ ತಿರುಗಿ, "ಮೂರ್ತಿಗಳೇ, ತೂಕ ಒಪ್ಗೆಯಾ?" ಎಂದು ಸುಮ್ಮನೆ ಒಂದು ಕೂಗು ಹಾಕಿದ. ಬೆನ್ನ ಹಿಂದಿನ ಕಂಟೇನರಿನಿಂದ ಉತ್ತರ ಬಂತು: "ಒಪ್ಪಿಗೆ ಕಣಯ್ಯಾ, ಒಪ್ಪಿಗೆ. ಮೊದಲು ಬಾಗಿಲು ತೆಗಿ."