ಹಳ್ಳದ ಕಡೆಯ ಗೇಟು

ಟೆಸ್ಸಾ ಮಂಜುಗಡ್ಡೆಯ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಕೊರಿನ್‌ಳ ಊದಿದ ಕೆನ್ನೆಗೆ ಒತ್ತಿ ಹಿಡಿದಳು. ಗಂಡ ಬಾಯ್ಡ್ ದನ ನೋಡಲು ಹೋದಾಗ ಕೊರಿನ್ ತಪ್ಪಿಸಿಕೊಂಡು ಇವರ ಮನೆಗೆ ಬಂದಿದ್ದಳು.

“ವರ್ನಕ್ಕಾ,” ಅಂದಳು ಕೊರಿನ್, “ನಾನು ಫೋನ್ ಮಾಡಿದಾಗೆಲ್ಲ ಪೊಲೀಸರು ಬರೋದು ಅವನಿಗೆ ಮೊದ್ಲೇ ಗೊತ್ತಿರುತ್ತೆ. ಒಡೆದಿದ್ದೆಲ್ಲ ಗುಡಿಸಿ, ನನ್ನನ್ನ ಕೋಣೇಲಿ ಕೂಡಿಹಾಕಿ, ನಗ್ತಾ ಬಾಗಿಲು ತೆಗೀತಾನೆ. ಯಾರು ಹೇಳ್ತಾರೆ ಅವನಿಗೆ? ಅದು ಗೊತ್ತಾಗದೆ ಇನ್ನೊಂದ್ಸಲ ಫೋನ್ ಮಾಡಿದ್ರೆ ನಾನು ಉಳಿಯಲ್ಲ.”

ಟೆಸ್ಸಾಳ ದೊಡ್ಡಮ್ಮ ವರ್ನಾ ಮೊಂಟಾನಾದ ಆ ಸೀಮೆಯಲ್ಲಿ ದನಗಳ್ಳರನ್ನು ಹಿಡಿಯುತ್ತಲೇ ತಲೆ ನೆರೆಸಿಕೊಂಡವಳು. ಸಂಜೆಯೊಳಗೆ ಮೂವರನ್ನು ಅಡುಗೆಮನೆಗೆ ಕರೆಸಿದಳು: ಠಾಣೆಯಲ್ಲಿ ಫೋನ್ ಎತ್ತುವ ಜೋಲೀನ್, ನಿನ್ನೆ ಆ ಮನೆಗೆ ಹೋಗಿದ್ದ ಎಳೆಯ ಪೊಲೀಸ್ ಲೈಲ್, ಅವರ ಮೇಲಧಿಕಾರಿ ಷೆರಿಫ್ ಅಮಂಡ್ಸನ್.

“ಪೊಲೀಸ್ ರೇಡಿಯೋ ಕೇಳಿರ್ತಾನೆ ಬಿಡಿ,” ಅಂದಳು ಜೋಲೀನ್. “ಊರಿಗೂರೇ ಕೇಳುತ್ತೆ. ಬೇರೆ ಏನಿದೆ ಇಲ್ಲಿ ಮನರಂಜನೆ?”

“ಅದಕ್ಕೇ ತಾನೇ ನೀನು ನಿನ್ನೆ ಲೈಲ್‌ನ ಮೊಬೈಲಿಗೆ ಮಾಡಿದ್ದು?” ಅಂದಳು ವರ್ನಾ. “ರೇಡಿಯೋದಲ್ಲಿ ಏನೂ ಹೋಗೇ ಇಲ್ಲ.”

ವರ್ನಾ ಎಳೆಯ ಪೊಲೀಸನ ಕಡೆ ತಿರುಗಿದಳು.

“ಲೈಲ್, ನೀನೆಲ್ಲಿದ್ದೆ? ಹೇಗೆ ಹೋದೆ?”

“ಬಾಯ್ಡ್ ಜಮೀನಿನ ಹಳ್ಳದಾಚೆ ನಮ್ಮ ಮಾವನ ಹತ್ರ ಕರುಗಳಿಗೆ ಮುದ್ರೆ ಹಾಕ್ತಿದ್ದೆ. ಹಳ್ಳದ ಕಡೆಯಿಂದ್ಲೇ ಹೋದೆ. ಗಾಡಿ ಇಳಿಯೋ ಕೆಲಸಾನೂ ಬೀಳ್ಲಿಲ್ಲ, ಅಲ್ಲಿನ ಗೇಟು ತೆಗೆದೇ ಇತ್ತು.”

ಷೆರಿಫ್ ಬಾಯಿಗೆ ಒಯ್ಯುತ್ತಿದ್ದ ಕಾಫಿ ಕಪ್ಪನ್ನು ಹಾಗೇ ಕೆಳಗಿಟ್ಟದ್ದನ್ನು ಟೆಸ್ಸಾ ನೋಡಿದಳು.

“ದನ ಮೇಯೋ ಕಡೆ ಗೇಟು ತೆಗೆದಿಡೋನು ಈ ಸೀಮೇಲಿ ಹುಟ್ಟಿಲ್ಲ,” ಅಂದಳು ವರ್ನಾ. “ಯಾರೋ ಬರ್ತಾರೆ ಅಂತ ಗೊತ್ತಿದ್ರೆ ಮಾತ್ರ ತೆಗೀತಾರೆ, ಬಂದೋರು ಗಾಡಿ ಇಳೀಬಾರ್ದು ಅಂತ ಮರ್ಯಾದೆಗೆ. ಪೊಲೀಸರು ಬರೋದು ರಸ್ತೆ ಗೇಟಿಂದ. ಬಾಯ್ಡ್ ತೆಗೆದಿದ್ದು ಹಳ್ಳದ ಗೇಟು. ನೀನು ಆ ಕಡೆಯಿಂದ ಹೊರಟಿದ್ದು ಯಾರಿಗೆ ಗೊತ್ತಿತ್ತು?”

“ನಂಗಂತೂ ಇಲ್ಲಮ್ಮ,” ಅಂದಳು ಜೋಲೀನ್. “ಇವ್ನು ಬರೀ ಸರಿ ಅಂತ ಹೇಳಿ ಫೋನ್ ಇಟ್ಬಿಟ್ಟ.”

ಲೈಲ್ ನಿಧಾನವಾಗಿ ತಲೆ ಎತ್ತಿದ. “ಹೊರಡೋವಾಗ ಷೆರಿಫ್ ಸಾಹೇಬ್ರಿಗೆ ಹೇಳಿದ್ದೆ. ಅವರಿಗೆ ಮಾತ್ರ.”

“ನೀನೇ ಸುಳಿವು ಕೊಟ್ಟಿದ್ರೆ ಗೇಟಿನ ಮಾತೇ ಎತ್ತುತ್ತಿರಲಿಲ್ಲ,” ಅಂದಳು ವರ್ನಾ. “ಉಳಿದವರು ಒಬ್ಬರೇ.”

ಷೆರಿಫ್ ಮೇಜನ್ನೇ ನೋಡುತ್ತಿದ್ದ. “ಹೋದ ವರ್ಷ ಇಂಥದ್ದೇ ಮನೆಗೆ ಹೇಳದೆ ಕೇಳದೆ ನುಗ್ಗಿದ ನನ್ನ ಠಾಣೆ ಹುಡುಗ ಹೆಣವಾಗಿ ಬಂದ. ಬಾಯ್ಡ್ ಮನೇಲಿ ಗೋಡೆ ತುಂಬ ಬಂದೂಕು. ಮೊದ್ಲೇ ಹೇಳಿದ್ರೆ ತಣ್ಣಗಾಗ್ತಾನೆ ಅಂದ್ಕೊಂಡೆ. ಲೈಲ್ ಜೀವ ನೋಡ್ದೆ ವರ್ನಾ.”

“ಹಾಗಾದ್ರೆ ಮೊದ್ಲು ಹೋಗಿ ಅವನ ಬಂದೂಕೆಲ್ಲ ಕಿತ್ಕೊಂಡು ಬನ್ನಿ,” ಅಂದಳು ಕೊರಿನ್.