ಗುಳಿಗೆ ಬಿಡು ಅಂದವಳು

"ಇದನ್ನ ನಮ್ಮವ್ವಗ ಯಾಕ ಹೇಳಲಿಲ್ಲ ನೀವು?"

ಶಿರಸಿಯ ಖಾಸಗಿ ಆಸ್ಪತ್ರೆಯೊಂದರ ಮಹಡಿಯ ಮೇಲೆ ತರಬೇತಿಗೆ ಕುಳಿತಿದ್ದ ಮೂವತ್ತು ನರ್ಸುಗಳು ಒಟ್ಟಿಗೇ ಹಿಂದೆ ತಿರುಗಿದರು. ಕೊನೆಯ ಸಾಲಿನಲ್ಲಿ ಪರಿಮಳಾ ಎದ್ದು ನಿಂತಿದ್ದಳು. ಅದೇ ಆಸ್ಪತ್ರೆಯ ಕಿಮೋ ವಾರ್ಡಿನಲ್ಲಿ ಎಂಟು ವರ್ಷದಿಂದ ಕೆಲಸ ಮಾಡುವ ಅವಳು ಹೀಗೆ ಕಿರುಚಿದ್ದನ್ನು ಯಾರೂ ಕಂಡಿರಲಿಲ್ಲ.

ಪರದೆಯ ಮೇಲೆ ಹೆಂಗಸೊಬ್ಬಳ ಮುಖವಿತ್ತು. ಮೂಗು, ಕೆನ್ನೆ, ಗದ್ದದ ತುಂಬ ಕೆಂಪು ಗುಳ್ಳೆಗಳು.

ಪಾಠ ಮಾಡುತ್ತಿದ್ದವನು ದರ್ಶನ. ಹೆಗ್ಗರಣೆಯ ಹುಡುಗ, ಈಗ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸ್. ಹೊಸ ಔಷಧಿಗಳ ಬಗ್ಗೆ ಸುತ್ತಲಿನ ತಾಲೂಕುಗಳ ನರ್ಸುಗಳಿಗೆ ಹೇಳಿಕೊಡಲು ಬಂದಿದ್ದ. ಒಂದು ನಿಮಿಷದ ಹಿಂದೆ ಅವನು ಹೇಳಿದ್ದು ಇಷ್ಟು: "ಕಿಮೋ ಎಲ್ಲ ಜೀವಕೋಶಗಳ ಮೇಲೂ ಬೀಳುತ್ತೆ. ಈ ಗುಳಿಗೆ ಹಾಗಲ್ಲ, ಗಡ್ಡೆ ಬೆಳೆಯೋಕೆ ಬೇಕಾದ ಒಂದೇ ಒಂದು ಸಂಕೇತವನ್ನು ತಡೆಯುತ್ತೆ. ಅದೇ ಸಂಕೇತ ಚರ್ಮದಲ್ಲೂ ಇದೆ. ಅದಕ್ಕೇ ಹತ್ತು ದಿನದೊಳಗೆ ಹೀಗೆ ಗುಳ್ಳೆ ಏಳುತ್ತವೆ. ವೈದ್ಯರಿಗೆ ಹೇಳಿ, ಮುಲಾಮು ಹಚ್ಚಿ. ಆದರೆ ಹೆದರಿ ಗುಳಿಗೆ ಮಾತ್ರ ಬಿಡಿಸಬೇಡಿ."

ಬಿಡಿಸಬೇಡಿ... ಆ ಮಾತು ಕಿವಿಗೆ ಬಿದ್ದದ್ದೇ ಪರಿಮಳಾ ಎದ್ದು ನಿಂತಿದ್ದಳು.

"ಅನ್ನಪೂರ್ಣವ್ವ, ದಾಸನಕೊಪ್ಪ. ಶ್ವಾಸಕೋಶದ ಕ್ಯಾನ್ಸರು. ನಿಮ್ಮ ದವಾಖಾನಿಯವರು ಗುಳಿಗಿ ಕೊಟ್ಟು ಕಳಿಸ್ಯಾರ. ಮುಖದ ತುಂಬ ಗುಳ್ಳಿ ಎದ್ದಾವ. ಊರ ಮಂದಿ ಇದು ಸಿಡುಬು, ಅಮ್ಮ ಬಂದಾಳ ಅಂದ್ರು. ಹದಿನೆಂಟು ದಿನ ಆತು, ಗುಳಿಗಿ ಬಿಟ್ಟು ಬೇವಿನ ನೀರು ಮೈಗೆ ಹಾಕ್ಕೋತ ಕುಂತಾಳ."

ದರ್ಶನನ ಮುಖ ಇಳಿದುಹೋಯಿತು. "ಹತ್ತನೇ ದಿನಕ್ಕೆ ನಾನೇ ಫೋನ್ ಮಾಡಿದ್ದೆ. ಆರಾಮಾ ಅಂತ ಕೇಳಿದೆ. ಆರಾಮ ಅಂದ್ರು."

"ಅಮ್ಮ ಬಂದ ಮನ್ಯಾಗ ಹೊರಗಿನವರ ಮುಂದ ಅಮ್ಮನ ಹೆಸರು ಎತ್ತೂದಿಲ್ರಿ. ಅಷ್ಟೂ ತಿಳಿಲಾರದ ನಮಗ ಪಾಠ ಹೇಳಾಕ ಬಂದೀರಿ?"

"ತಪ್ಪಾಯ್ತು," ಅಂದ ದರ್ಶನ. ಅಷ್ಟೇ.

ಜಗಳಕ್ಕೆಂದು ನಿಂತವಳ ಮುಂದೆ ಹೀಗೆ ತಲೆ ತಗ್ಗಿಸಿಬಿಟ್ಟರೆ ಅವಳು ಏನು ಮಾಡಬೇಕು? ಪರಿಮಳಾಳ ಸಿಟ್ಟು ನೆತ್ತಿಗೇರಿತು. ಚೀಲ ಎತ್ತಿಕೊಂಡು ದಡದಡ ಮೆಟ್ಟಿಲಿಳಿದಳು. ಮೂವತ್ತು ಜನರ ಮುಂದೆ ಎಲ್ಲವನ್ನೂ ಹೇಳಿದ್ದಳು. ಒಂದು ಮಾತನ್ನು ಮಾತ್ರ ನುಂಗಿಕೊಂಡಿದ್ದಳು.

ಬಸ್ ನಿಲ್ದಾಣದಲ್ಲಿ ದಾಸನಕೊಪ್ಪಕ್ಕೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ಅವಳ ಹಿಂದೆಯೇ ದರ್ಶನನೂ ಹತ್ತಿದ.

"ನೀವ್ಯಾಕ ಬರ್ತೀರಿ?"

"ನಿಮಗೋಸ್ಕರ ಅಲ್ಲ. ಅವರ ಹೆಸರಿನ ಮುಂದೆ ಆರಾಮ ಅಂತ ಬರೆದವನು ನಾನು. ಮಧ್ಯಾಹ್ನದ ಪಾಠ ನಾಳೆಗೆ ಹಾಕಿದ್ದೀನಿ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವನು ಕಂಬಿ ಹಿಡಿದು ನಿಂತುಕೊಂಡೇ ಹುಬ್ಬಳ್ಳಿಯ ವೈದ್ಯರಿಗೆ ಫೋನ್ ಮಾಡಿದ. ಗುಳ್ಳೆಗಳ ಫೋಟೋ ಕಳಿಸಿ, ಜ್ವರವಿಲ್ಲದಿದ್ದರೆ ನಾಳೆಯಿಂದಲೇ ಮತ್ತೆ ಶುರು ಮಾಡಿಸಿ, ಆದಷ್ಟು ಬೇಗ ಒಮ್ಮೆ ಕರೆದುಕೊಂಡು ಬನ್ನಿ ಎಂದರು ಅವರು. ಎಷ್ಟು ತಣ್ಣಗೆ ಮಾತಾಡ್ತಾನೆ... ಇವನಿಗೆ ಸಿಟ್ಟು ಅನ್ನೋದೇ ಇಲ್ಲವಾ, ಅಂದುಕೊಂಡಳು ಪರಿಮಳಾ.

ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು ಅನ್ನುತ್ತಾರೆ; ಅದರ ವಾಸನೆ ಕಾಣದೆ ಹದಿನೆಂಟು ದಿನವಾದ ಮನೆ. ಅನ್ನಪೂರ್ಣವ್ವ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದಳು. ಮುಖದ ಗುಳ್ಳೆಗಳು ಒಣಗುತ್ತ ಬಂದಿದ್ದವು, ಬೇವು ತಿಕ್ಕಿ ತಿಕ್ಕಿ ಚರ್ಮ ಹಸಿಯಾಗಿತ್ತು.

"ಅಲ್ಲೇ ನಿಂದ್ರು. ದವಾಖಾನಿಯಿಂದ ಬಂದೀದಿ, ಒಳಗ ಬರಬ್ಯಾಡ," ಅನ್ನುತ್ತಿದ್ದವಳು ಮಾತು ಮುಗಿಸಲಾಗದೆ ಕೆಮ್ಮತೊಡಗಿದಳು.

ಆ ಕೆಮ್ಮು! ಗುಳಿಗೆ ಶುರು ಮಾಡಿದ ವಾರದಲ್ಲೇ ನಿಂತುಹೋಗಿದ್ದ ಕೆಮ್ಮು ತಿರುಗಿ ಬಂದಿತ್ತು. ಪರಿಮಳಾ ಹೊಸ್ತಿಲು ದಾಟಿ ಒಳಗೆ ನುಗ್ಗಿದಳು.

"ಅಮ್ಮ ಬಂದಿಲ್ಲಬೇ. ಇದು ಗುಳಿಗೀಲೆ ಎದ್ದದ್ದು. ನಾಳೆಯಿಂದ ಮತ್ತ ನುಂಗಬೇಕು."

"ಗುಳಿಗಿ ಬಿಟ್ಟ ಮ್ಯಾಲೇ ಅಮ್ಮ ಇಳದಾಳ, ನೋಡು. ಈಗ ನುಂಗಂತೀಯಲ್ಲ?"

"ಮಂದಿ ಮಾತು ಕಟ್ಟಿಗೊಂಡು ಸಾಯ್ತೀಯೇನು? ಯಾರು ಹೇಳಿದ್ರು ನಿನಗ ಬಿಡು ಅಂತ?"

ಅನ್ನಪೂರ್ಣವ್ವ ಮಗಳ ಮುಖವನ್ನೇ ನೋಡಿದಳು. "ನೀನ ಹೇಳಿದ್ದಿಯಲ್ಲ ಮಗಳ. ಫೋನಿನ್ಯಾಗ... ಅಮ್ಮ ಹೋಗೂ ತನಕ ಗುಳಿಗಿ ಬಿಡು, ಡ್ಯೂಟಿ ಐತಿ, ಆಮ್ಯಾಲ ಬರ್ತೀನಿ ಅಂದೆ."



ಹೌದು, ಅವಳೇ ಹೇಳಿದ್ದು. ಅಮ್ಮ ಎದ್ದ ರೋಗಿಗೆ ಕಿಮೋ ನಿಲ್ಲಿಸುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ಆದರೆ ಇದು ಕಿಮೋ ಅಲ್ಲ, ಬಂದವಳು ಅಮ್ಮನೂ ಅಲ್ಲ. ಒಂದು ಸಲ ಬಂದು ನೋಡಿದ್ದರೆ ತಿಳಿಯುತ್ತಿತ್ತು. ನೋಡದೆಯೇ ಹೇಳಿದ್ದಳು. ದರ್ಶನ ತನ್ನ ಕಡೆ ನೋಡುತ್ತಾನೆ ಅಂದುಕೊಂಡಳು. ಅವನು ನೋಡಲಿಲ್ಲ.

ಅವನು ಅನ್ನಪೂರ್ಣವ್ವನ ಎದುರು ನೆಲದ ಮೇಲೆ ಕೂತು ಕೇಳಿದ, "ಅವ್ವಾ, ಮೊದಲು ಜ್ವರ ಬಂದಿತ್ತಾ? ಗುಳ್ಳೇಲಿ ನೀರು ತುಂಬಿತ್ತಾ?"

"ಇಲ್ರಿ. ಎರಡೂ ಇರಲಿಲ್ಲ."

ಅವನು ಗುಳ್ಳೆಗಳ ಫೋಟೋ ತೆಗೆದು ವೈದ್ಯರಿಗೆ ಕಳಿಸಿದ; ಇದು ಗುಳಿಗೆಯದೇ, ಶುರು ಮಾಡಿಸಿ ಎಂದು ಉತ್ತರ ಬಂತು. ಆಮೇಲೆ ಯಲ್ಲಾಪುರದ ಒಬ್ಬ ರೋಗಿಯ ಎರಡು ಫೋಟೋ ತೋರಿಸಿದ. ಆ ರೋಗಿಯೇ ಎಲ್ಲರಿಗೂ ತೋರಿಸು ಎಂದು ಕೊಟ್ಟಿದ್ದು. ಒಂದರಲ್ಲಿ ಮುಖದ ತುಂಬ ಗುಳ್ಳೆ, ಇನ್ನೊಂದರಲ್ಲಿ ತಿಳಿಯಾದ ಮುಖ. "ಇವರು ಗುಳಿಗೆ ಬಿಡಲಿಲ್ಲ. ಮುಲಾಮು ಹಚ್ಚಿದ್ರು, ಬಿಸಿಲಿಗೆ ಹೋಗಲಿಲ್ಲ."

ಅನ್ನಪೂರ್ಣವ್ವ ಬಹಳ ಹೊತ್ತು ಫೋಟೋ ನೋಡಿದಳು. "ನೀವು ಹೇಳೂದು ಖರೇ ಇರಬಹುದ್ರಿ. ಆದ್ರ ಅಮ್ಮನ್ನ ಕಳಿಸಲಾರದ ಗುಳಿಗಿ ನುಂಗಿದ್ರ ಆಕಿ ಸಿಟ್ಟು ನನ್ನ ಮಗಳ ಮ್ಯಾಲೆ ಬೀಳತೈತಿ. ನನ್ನ ಜೀವಾ ಹೋದ್ರ ಹೋಗಲಿ, ಈಕಿಗೆ ಏನೂ ಆಗಬಾರದು. ಮುಂದಿನ ಮಂಗಳವಾರ ಕಳಸ್ತೀನಿ, ಆಮ್ಯಾಲ ನೋಡೂಣು."

ಇನ್ನೂ ನಾಲ್ಕು ದಿನ! ಪರಿಮಳಾ ಬಾಯಿ ತೆರೆಯುವಷ್ಟರಲ್ಲಿ ದರ್ಶನ ಕೇಳಿದ, "ಶುಕ್ರವಾರವೂ ಅಮ್ಮನ ವಾರವೇ ಅಲ್ವಾ ಅವ್ವಾ? ಇವತ್ತು ಶುಕ್ರವಾರ."

ಪರಿಮಳಾ ಅವನ ತೋಳು ಹಿಡಿದು ಅಂಗಳಕ್ಕೆ ಎಳೆದಳು. "ಕಲಿತವರು ಅದೀರಿ. ಆಕಿ ಭ್ರಮೆಗೆ ನೀವೂ ತಾಳ ಹಾಕ್ತೀರೇನು?"

"ನಾಳೆ ಬೆಳಿಗ್ಗೆ ಗುಳಿಗೆ ಅವರ ಹೊಟ್ಟೆಗೆ ಹೋಗಬೇಕು. ವಾದದಲ್ಲಿ ಗೆಲ್ಲೋದು ಆಮೇಲೆ. ಅವರು ಹೆದರ್ತಿರೋದು ನಿಮಗೋಸ್ಕರ, ಅದು ಭ್ರಮೆಯಲ್ಲ."

ಆ ಸಂಜೆ ಅನ್ನಪೂರ್ಣವ್ವ ತಲೆಗೆ ನೀರು ಹಾಕಿಕೊಂಡಳು. ಪರಿಮಳಾ ಹಲ್ಲು ಕಚ್ಚಿಕೊಂಡೇ ಮೊಸರನ್ನ ಕಲಸಿದಳು. ಊರ ಅಂಚಿನ ಬೇವಿನ ಮರದ ಬುಡಕ್ಕೆ ಎಡೆ ಇಟ್ಟು ಅಮ್ಮನನ್ನು ಕಳಿಸಿ ಬಂದರು. ಉಳಿದ ಮೊಸರನ್ನವನ್ನು ದರ್ಶನ ಪಡಸಾಲೆಯಲ್ಲಿ ಕೂತು ಎರಡು ಸಲ ಹಾಕಿಸಿಕೊಂಡು ಉಂಡ. ಮಗಳಿಗೆ ತಿಳಿಯದ ಏನೋ ಒಂದು ತಾಯಿಗೆ ಆಗಲೇ ತಿಳಿದಿತ್ತು. ಕೇಳದೆಯೇ ಅವನ ತಟ್ಟೆಗೆ ಉಪ್ಪಿನಕಾಯಿ ಬಡಿಸಿದಳು.

ಶಿರಸಿಗೆ ಮರಳುವ ದರ್ಶನನ ಬಸ್ಸಿಗೆ ಕಾಯುವಾಗ ಪರಿಮಳಾ ಅಂದಳು, "ಬೈಯ್ರಿ ನನಗ. ಅಷ್ಟು ಜನರ ಮುಂದ ನಿಮ್ಮ ಮಾನ ತಗದೆ. ಖರೇ ಅಂದ್ರ ಗುಳಿಗಿ ಬಿಡು ಅಂದಾಕಿ ನಾನು."

"ಬೆಳಿಗ್ಗೆಯೇ ಅನುಮಾನ ಬಂತು. ಬರೀ ನನ್ನ ಮೇಲೆ ಬಂದ ಸಿಟ್ಟಾಗಿದ್ರೆ ತಪ್ಪಾಯ್ತು ಅಂದ ಮೇಲೂ ಹಾಗೆ ಓಡಿಹೋಗ್ತಿರಲಿಲ್ಲ."

"ಮತ್ಯಾಕ ಸುಮ್ನಿದ್ರಿ? ನಿಮಗ ಸಿಟ್ಟ ಬರೂದಿಲ್ಲೇನು?"

"ಬರಲ್ಲ ಅಂದ್ಕೊಂಡ್ರಾ?" ಅವನ ದನಿ ಮೊದಲ ಸಲ ಏರಿತು. "ಎಂಟು ವರ್ಷ ಕಿಮೋ ಕೊಟ್ಟವರಿಗೆ ಹೊಸ ಗುಳಿಗೆ ಬಗ್ಗೆ ಇವತ್ತಿನ ತನಕ ಯಾರೂ ಒಂದು ಮಾತು ಹೇಳಿಲ್ಲ. ಔಷಧಿ ಊರೂರಿಗೆ ಬಂತು, ಪಾಠ ಬರಲಿಲ್ಲ. ನಾನು ಹುಬ್ಬಳ್ಳೀಲಿ ಕೂತು ಫೋನ್ ಮಾಡಿ ಆರಾಮ ಅಂತ ಬರ್ಕೊಂಡೆ. ನನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂತ ನಿಮಗೇನು ಗೊತ್ತು?"

ಪರಿಮಳಾ ಬೆರಗಾಗಿ ಅವನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಎದೆ ಹಗುರಾಗಿತ್ತು.

ಮರುದಿನ ಬೆಳಿಗ್ಗೆ ಅನ್ನಪೂರ್ಣವ್ವ ಗುಳಿಗೆ ನುಂಗಿದಳು. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಪರಿಮಳಾಳಿಗೆ ಅವನ ಫೋನು. ಪ್ರತಿ ಫೋನಿನಲ್ಲೂ ಜಗಳ. "ಆರಾಮಾ ಅಂತ ಕೇಳಬ್ಯಾಡ್ರಿ. ಮುಖ ಹೆಂಗೈತಿ, ಭೇದಿ ಐತೇನು, ಮನ್ಯಾಗ ಒಗ್ಗರಣಿ ಹಾಕ್ತೀರಿಲ್ಲೋ ಅಂತ ಕೇಳ್ರಿ." ಅವನು ಬರೆದುಕೊಳ್ಳುತ್ತಿದ್ದ. ಒಂದು ಶುಕ್ರವಾರ ಫೋನು ಅರ್ಧ ಗಂಟೆ ತಡವಾಯಿತು. ಆ ಅರ್ಧ ಗಂಟೆಯಲ್ಲಿ ಪರಿಮಳಾ ವಾರ್ಡಿನ ಆಯಾಳಿಂದ ಹಿಡಿದು ಎಲ್ಲರ ಮೇಲೂ ಹರಿಹಾಯ್ದಳು. ಆಮೇಲೆ ಕಾರಣ ಹೊಳೆದು ತನ್ನ ಮೇಲೇ ಸಿಟ್ಟಾದಳು.

ಮೂರು ತಿಂಗಳಿಗೆ ಸ್ಕ್ಯಾನ್ ಆಯಿತು. ಗಡ್ಡೆ ಅರ್ಧಕ್ಕೆ ಇಳಿದಿತ್ತು.

ಮುಂದಿನ ತರಬೇತಿ ಸಿದ್ದಾಪುರದಲ್ಲಿ. ಪರದೆಯ ಮೇಲೆ ಈ ಸಲ ಅನ್ನಪೂರ್ಣವ್ವನ ಮುಖವಿತ್ತು. ಹಾಕು, ನಾಲ್ಕು ಮಂದಿಗಾದರೂ ಉಪಯೋಗ ಆಗಲಿ ಎಂದು ಅವಳೇ ಹೇಳಿದ್ದಳು. ಪರಿಮಳಾ ಎಲ್ಲರ ಮುಂದೆ ನಿಂತಳು. ಹಿಂದೆ ಗೋಡೆಗೆ ಒರಗಿ ನಿಂತ ದರ್ಶನನನ್ನು ಒಮ್ಮೆ ನೋಡಿದಳು.

"ಈಕಿ ನಮ್ಮವ್ವ. ಅಮ್ಮ ಬಂದಾಳ ಅಂತ ಹದಿನೆಂಟು ದಿನ ಗುಳಿಗಿ ಬಿಟ್ಟಿದ್ಲು. ಬಿಡು ಅಂದಾಕಿ ನಾನು. ನಾನೂ ನಿಮ್ಮಂಗ ನರ್ಸು."

ಯಾರೂ ನಗಲಿಲ್ಲ. ಎಲ್ಲರೂ ಪೆನ್ನು ತೆಗೆದರು.

ಪಾಠ ಮುಗಿದು ಇಬ್ಬರೂ ಸಿದ್ದಾಪುರದ ಬಸ್ ನಿಲ್ದಾಣಕ್ಕೆ ಬಂದರು. ಹುಬ್ಬಳ್ಳಿಯ ಬಸ್ಸು ಆಗಲೇ ನಿಂತಿತ್ತು. ದರ್ಶನ ಹತ್ತಲಿಲ್ಲ.

"ಈಗ ಆರಾಮಾ?" ಅಂದ.

"ಹಂಗ ಕೇಳಬ್ಯಾಡ್ರಿ ಅಂತ ಎಷ್ಟು ಸಲ ಹೇಳಲಿ?"

"ಮತ್ತೆ ಹೇಗೆ ಕೇಳಲಿ?"

"ಎಲ್ಲಿ ನೋಯ್ತೈತಿ, ಯಾವಾಗ ನೋಯ್ತೈತಿ, ಅಂತ ಕೇಳ್ರಿ."

"ಯಾವಾಗ ನೋಯುತ್ತೆ ಪರಿಮಳಾ?"

ಅವಳು ತಲೆ ಎತ್ತಲಿಲ್ಲ. "ನೀವು ಹುಬ್ಬಳ್ಳಿ ಬಸ್ ಹತ್ತಿದಾಗ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು.

"ಇವತ್ತು ವಾರ ಯಾವುದು?" ಕೇಳಿದ ದರ್ಶನ.

"ಶುಕ್ರವಾರ. ಯಾಕ್ರಿ?"

"ದಾಸನಕೊಪ್ಪಕ್ಕೆ ಹೋಗೋಣ. ಇವತ್ತು ಫೋನಲ್ಲಿ ಬೇಡ, ಅವ್ವನ ಎದುರಿಗೇ ಕೂತು ಕೇಳಬೇಕು."

"ಏನಂತ?"

"ಆರಾಮಾ ಅಂತ ಅಲ್ಲ," ಅಂದ ದರ್ಶನ, ಅವಳ ಕೈ ಹಿಡಿದು.