ಪಟ್ಟೆಯಿಲ್ಲದ ಬಿಳಿ ಗಡಿಗೆ

"ಒಂದು ದೊಡ್ಡ ಗಡಿಗೆ ಬೇಕಾಗಿತ್ತು. ದುಂಡಗೆ, ಬೆಳ್ಳಗೆ ಇರ್ಬೇಕು," ಎಂದರು ಅಂಗಳಕ್ಕೆ ಬಂದ ಮನುಷ್ಯ.

"ಯಾರ ಮದ್ವೆ?" ಎಂದು ಕೇಳಿದೆ.

ಕೇಳಿದ್ದರಲ್ಲಿ ನನ್ನ ತಪ್ಪೇನೂ ಇಲ್ಲ. ನಮ್ಮ ಕೊಣನೂರಿನಲ್ಲಿ ಕುಂಬಾರರ ಮನೆಗೆ ಬಂದು ಬಿಳಿ ಗಡಿಗೆ ಕೇಳಿದರೆ ಅದು ಮದುವೆಯ ಅರಿವೇಣಿಗೇ. ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ಪಟ್ಟೆ ಎಳೆದು ಇಡುತ್ತೇವೆ. ಮದುವೆ ಮನೆಯವರು ವಾಲಗ ಊದಿಸಿಕೊಂಡು ಬಂದು, ಪೂಜೆ ಮಾಡಿ ಹೊತ್ತುಕೊಂಡು ಹೋಗುತ್ತಾರೆ. ಆದರೆ ಕೇಳುವಾಗ ನನ್ನ ದನಿ ಅಷ್ಟು ಚುರುಕಾಗಬೇಕಾದದ್ದೇನಿತ್ತೋ ಕಾಣೆ.

"ಮದ್ವೆ ಗಿದ್ವೆ ಏನಿಲ್ಲ. ಪಟ್ಟೆ, ಚುಕ್ಕಿ ಒಂದೂ ಬ್ಯಾಡ. ಬರೀ ಬಿಳುಪು," ಎನ್ನುತ್ತಾ ಆ ಮನುಷ್ಯ ನಮ್ಮ ಅಂಗಳವನ್ನು ಮೂರು ಸಲ ಅಳೆದರು.

ಬಾಗೂರಿನ ಕುಂಬಾರ ಸಣ್ಣಯ್ಯನವರ ಮಗ ನಂಜಯ್ಯ. ಮಿಲಿಟರಿ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಹೊರುವ ಕೆಲಸಕ್ಕೆ ಸೇರಿ ಕೊರಿಯಾ ಯುದ್ಧಕ್ಕೆ ಹೋಗಿದ್ದವರು, ಐವತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಹಿಂತಿರುಗಿದ್ದರು. ಅಷ್ಟರಲ್ಲಿ ತಂದೆ ತೀರಿಕೊಂಡು, ಮನೆಯ ತಿಗರಿ ಬೇರೆಯವರ ಪಾಲಾಗಿತ್ತು. ನಮ್ಮೂರಲ್ಲಿ ಅವರ ಅಕ್ಕನ ಮನೆ. ಇನ್ನು ಹತ್ತು ದಿನಕ್ಕೆ ಬೆಂಗಳೂರಿನ ಒಂದು ಪಿಂಗಾಣಿ ಕಾರ್ಖಾನೆಗೆ ಕೆಲಸಕ್ಕೆ ಹೊರಡಬೇಕು. ಅಷ್ಟರೊಳಗೆ ಗಡಿಗೆ ಆಗಬೇಕಂತೆ.

"ನಮ್ ಆಸ್ಪತ್ರೆ ಡೇರೆ ಇಂದೆ ಒಬ್ಬ ಮುದುಕ ಕುಂಬಾರ ಇದ್ದ," ಎಂದು ಅಪ್ಪನಿಗೆ ಹೇಳಿದರು. "ಊರೆಲ್ಲ ಬಾಂಬಿಗೆ ಸುಟ್ಟೋಗಿತ್ತು. ಅವ್ನು ಮಾತ್ರ ತಿಗರಿ ಬುಟ್ಟು ಕದಲ್ತಿರ್ಲಿಲ್ಲ. ಎರಡು ದೊಡ್ಡ ಬೋಗುಣಿ ಮಾಡಿ, ಒಂದ್ರ ಮ್ಯಾಲೊಂದು ಬೋರಲಾಕಿ ಬೆಸೆಯೋನು. ಚಂದ್ರನ ಗಡಿಗೆ ಅಂತಾರೆ ಅದ್ನ. ನಂಗೂ ಅಂತದ್ದೇ ಬೇಕು."

"ಒಂದೇ ಸಲಕ್ಕೆ ಎತ್ತಬಾರ್ದಾ?" ಎಂದ ಅಪ್ಪ.

"ಅಷ್ಟು ದೊಡ್ದು ಕುಸಿದೋಯ್ತದೆ ಮಾವ. ಅವರ ಕೈಕೆಲಸ ಅಂದ್ರೆ ಸಾಮಾನ್ಯ ಅಲ್ಲ. ಮುನ್ನೂರೈವತ್ತು ವರ್ಷದ ಇಂದೆ ಜಪಾನಿನೋರು ದಂಡೆತ್ತಿ ಬಂದು, ಕುಂಬಾರರನ್ನೇ ಅಡಗಿಗೆ ತುಂಬ್ಕಂಡು ಸಮುದ್ರ ದಾಟಿಸಿದ್ರಂತೆ. ಬಡವರು ಅನ್ನ ಉಣ್ತಿದ್ದ ಒರಟು ಬಟ್ಲಲ್ಲಿ ಜಪಾನಿನ ದೊರೆಗಳು ಟೀ ಕುಡಿದು, ರೇಷ್ಮೆ ಸುತ್ತಿ ಮಡಗ್ತಿದ್ರಂತೆ."

"ಇದ್ನೆಲ್ಲ ಯಾರು ಹೇಳಿದ್ದು ನಿಮಗೆ? ಆ ಊರ ಹುಡುಗೀರಾ?" ಎಂದೆ.

"ಅವರ ಮಾತು ನಮ್ಗೆ ತಿಳಿಸೋ ದುಬಾಸಿ. ಅರವತ್ತು ವರ್ಷದ ಗಂಡಸು. ಬಾಯಲ್ಲಿ ಒಂದು ಅಲ್ಲಿರ್ಲಿಲ್ಲ," ಎಂದು ನನ್ನ ಕಡೆ ಓರೆಯಾಗಿ ನೋಡಿದರು. ಆ ದುಬಾಸಿಯ ಹಲ್ಲು ಹೋದದ್ದಕ್ಕೆ ನನಗೆ ಯಾಕೋ ಬಹಳ ಸಂತೋಷವಾಯಿತು.

ಅಪ್ಪ ಚನ್ನಬಸವಯ್ಯನಿಗೆ ಆ ವರ್ಷ ಕೈನಡುಕ. "ತಿಗರಿ ಮ್ಯಾಲೆ ನೀನೇ ಕೂತ್ಕಳಪ್ಪ. ಮಿಕ್ಕಿದ್ದ ಮಗಳು ಗುರುಸಿದ್ದಮ್ಮ ನೋಡ್ಕತಾಳೆ," ಎಂದುಬಿಟ್ಟ. ನಮ್ಮಲ್ಲಿ ಹೆಂಗಸರು ತಿಗರಿಗೆ ಕೂರುವುದಿಲ್ಲ. ತಟ್ಟುವುದು, ಬೆಸೆಯುವುದು, ಸುಣ್ಣ ಬಳಿಯುವುದು ನಮ್ಮದು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದನ್ನು ಆ ವಾರ ಕಣ್ಣಾರೆ ಕಂಡೆ. ಮೊದಲನೆಯದನ್ನು ತೀರಾ ಹಸಿ ಇದ್ದಾಗಲೇ ಜೋಡಿಸಿದರು, ಅದು ಮಡಿಲಿಗೇ ಕುಸಿಯಿತು. ಮಾರನೆಯ ದಿನ ಬೇಗ ಆಗಲೆಂದು ಒಂದು ಬೋಗುಣಿಯನ್ನು ಕದ್ದು ಬಿಸಿಲಿಗಿಟ್ಟರು. ಸಂಜೆಗೆ ಬೆಸುಗೆ ಬಾಯಿಬಿಟ್ಟಿತು.

"ಒಂದು ಒಣಗಿ ಇನ್ನೊಂದು ಹಸಿ ಇದ್ರೆ ಕೂಡ್ಕಳಾಕಿಲ್ಲ," ಎಂದು ರೇಗಿದೆ. "ಎರಡೂ ಒಂದೇ ಹದಕ್ಕೆ ಬರ್ಬೇಕು. ಅಲ್ಲಿಗಂಟ ಸುಮ್ನೆ ಕಾಯ್ಬೇಕು."

"ಕಾಯೋದು ನನ್ ಕೈಲಾಗಕಿಲ್ಲ," ಎಂದರು ಮೆಲ್ಲಗೆ. "ಅಲ್ಲಿ ನಾವು ಕಾಯ್ತಾ ಕೂತಾಗೆಲ್ಲ ಯಾರೋ ಒಬ್ರು ಸತ್ತೋಗೋರು."

ನನ್ನ ಕೋಪವೆಲ್ಲ ಇಳಿದುಹೋಯಿತು. ಒಂದು ಲೋಟ ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲೇ ಚಾಪೆ ಹಾಸಿದೆ. "ಕೂತ್ಕಳಿ. ಇಲ್ಲಿ ಸಾಯೋರು ಯಾರೂ ಇಲ್ಲ," ಎಂದೆ.

ಮೂರನೆಯ ದಿನ ಇಬ್ಬರೂ ಚಪ್ಪರದ ನೆರಳಲ್ಲಿ ಕೂತು ಕಾದೆವು. ಅವರು ಏಳುವರು, ನಾನು ನೋಡುವೆನು, ಮತ್ತೆ ಕೂರುವರು. ಹೆಬ್ಬೆರಳು ಒತ್ತಿ ನೋಡಿ "ಈಗ" ಎಂದೆ. ಒಂದರ ಮೇಲೊಂದು ಕವುಚಿ ಇಟ್ಟರು. ಮೇಲಿನದರ ತಳ ಕೊಯ್ದು ಮಾಡಿದ ಗಡಿಗೆಯ ಬಾಯಿ ಸಣ್ಣದು, ನನ್ನ ಕೈಯಷ್ಟೇ ಹೋಗುತ್ತಿತ್ತು. ಒಳಗಿನಿಂದ ನಾನು ಬೆಸುಗೆ ಒತ್ತಬೇಕು, ಹೊರಗಿನಿಂದ ಅವರು. ನಡುವೆ ಬೆರಳು ದಪ್ಪದ ಹಸಿ ಮಣ್ಣು. ನನ್ನ ಕೈ ಸರಿದ ಕಡೆಗೆಲ್ಲ ಅವರ ಕೈ ಬರುವುದು ಗೊತ್ತಾಗುತ್ತಿತ್ತು. ಒಂದು ಸುತ್ತು ಸಾಕಿತ್ತು, ನಾವು ಮೂರು ಸುತ್ತು ಬಂದೆವು.

ಆಮೇಲೆ ಗಡಿಗೆ ನೆರಳಲ್ಲಿ ಒಣಗುತ್ತಿದ್ದರೆ ನಾನು ಒಳಗೂ ಹೊರಗೂ ತಿರುಗಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಆ ಮನುಷ್ಯ ದಿನಾ ಬರುವರು, ಗಡಿಗೆ ನೋಡುವರು, ನನ್ನ ನೋಡುವರು, ಹೋಗುವರು.

ಹತ್ತನೆಯ ದಿನ ಬೆಳಿಗ್ಗೆ, ಗಡಿಗೆ ಸುಡಲು ಇಟ್ಟಿದ್ದ ಆವಿಗೆ ಬಿಚ್ಚಿದೆವು. ಗಡಿಗೆ ಉಳಿದಿತ್ತು. ಕೊಂಚ ಓರೆ, ಹೊಟ್ಟೆಯ ಸುತ್ತ ಸಣ್ಣದೊಂದು ಗೆರೆ.

"ಬೆಸುಗೆ ಕಾಣ್ತದೆ," ಎಂದೆ ಬೇಜಾರಿನಿಂದ.

"ಮುದುಕನ್ದೂ ಇಂಗೇ. ಅದ್ನ ಮುಚ್ಚಾಕೆ ಓಯ್ತಿರ್ಲಿಲ್ಲ ಅವ್ನು," ಎಂದು ಟ್ರಂಕು ತರಲು ಹೋದರು. ಮಧ್ಯಾಹ್ನ ಅರಕಲಗೂಡಿನ ಮೇಲೆ ಹಾಸನಕ್ಕೆ ಬಸ್ಸು.

ಸುಣ್ಣ ಬಳಿದೆ. ಬೋಳು ಬಿಳುಪನ್ನು ಸುತ್ತ ತಿರುಗಿಸಿ ನೋಡಿದೆ. ಇದು ಹೀಗೇ ಬಸ್ಸು ಹತ್ತಿದರೆ ಅವರೂ ಹೋದ ಹಾಗೆಯೇ. ನನಗೆ ಅವರು ಬೇಕಾಗಿದ್ದರು. ಕೆಮ್ಮಣ್ಣಿನ ಬಟ್ಟಲು ಎಳೆದುಕೊಂಡು, ಬೆಸುಗೆಯ ಗೆರೆಯ ಮೇಲೆಯೇ ಮೂರು ಪಟ್ಟೆ ಹಾಕಿಬಿಟ್ಟೆ. ಒರೆಸಿದರೆ ಒರೆಸಲಿ, ನನಗೂ ಗೊತ್ತಾಗಲಿ.

ಅವರು ಬಂದು ನೋಡಿದರು. ಟ್ರಂಕು ಕೆಳಗಿಟ್ಟು, ಹತ್ತು ದಿನದಲ್ಲಿ ಮೊದಲ ಸಲ ನಿಂತಲ್ಲೇ ನಿಂತರು.

"ಪಟ್ಟೆ ಬ್ಯಾಡ ಅಂದಿದ್ದೆ."

"ಬ್ಯಾಡಾಂದ್ರೆ ಒರೆಸ್ಕಳಿ. ಇನ್ನೂ ಹಸಿ ಐತೆ."

ಕೈ ಚಾಚಿದರು. ಅಳಿಸೀತೆಂದು ಹೆದರಿದವರ ಹಾಗೆ ಹಿಂದಕ್ಕೆ ತೆಗೆದುಕೊಂಡರು.

"ಇದ್ನ ನಾನು ತಕಂಡೋಗಂಗಿಲ್ಲ," ಎಂದರು.

ಪಟ್ಟೆ ನಾನೇ ಒರೆಸಲು ಸೆರಗು ಎತ್ತಿಕೊಂಡೆ.

"ಅರಿವೇಣಿನ ಯಾರಾದ್ರೂ ಒಬ್ನೇ ಬಂದು ಬಸ್ಸಿಗೆ ಆಕ್ಕಂಡು ಓಯ್ತಾರಾ? ಅಕ್ಕ ಭಾವನ್ನ ಕರ್ಕಂಡು, ವಾಲಗದೋರ್ನ ಕರ್ಕಂಡು ಬತ್ತೀನಿ. ಆಷಾಢಕ್ಕೆ ಮುಂಚೆ. ಅಲ್ಲಿಗಂಟ ಕಾಯ್ತೀಯಾ, ಗುರುಸಿದ್ದಮ್ಮ?"

"ನಾನು ಕುಂಬಾರರ ಮಗಳು, ಕಾಯೋದು ಗೊತ್ತು. ನಿಮ್ ಕೈಲಾಯ್ತದಾ?"

"ಈಗ ಆಯ್ತದೆ," ಎಂದರು.

ಬಸ್ಸಿನ ಹಾರನ್ ಕೇಳಿತು. ಒಳಗಿನಿಂದ ಅಪ್ಪ ಕೆಮ್ಮಿ, ಏನೂ ಗೊತ್ತಿಲ್ಲದವನ ಹಾಗೆ ಕೂಗಿದ:

"ಯಾರ ಮದ್ವೆ ಗಡಿಗೆ ಅವ್ವಾ ಅದು?"

"ನಂದೇ ಕಣಪ್ಪ," ಎಂದೆ.